ಮೇಲ್ಗಡೆ ಗೋಡೆ ಅಲ್ಲಾಡುವ ಕೋಣೆ

"ಆ ಕೋಣೇಲಿ ಮೇಲ್ಗಡೆ ಗೋಡೆ ಅಲ್ಲಾಡುತ್ತೆ," ಎಂದಳು ಪಿಟೀಲು.

ವಕೀಲಮ್ಮ ಬರೆಯುತ್ತಿದ್ದ ಪೆನ್ನು ಅಲ್ಲೇ ನಿಂತಿತು.

"ಮೇಲ್ಗಡೆ ಗೋಡೆ ಅಂದ್ರೆ?"

"ಮಲಕ್ಕೊಂಡ್ರೆ ಕಾಣುತ್ತಲ್ಲ ಆಂಟಿ, ಅದು." ಹುಡುಗಿ ಕುರ್ಚಿಯಲ್ಲೇ ಹಿಂದಕ್ಕೆ ವಾಲಿ ಚಾವಣಿಯತ್ತ ಬೆರಳು ತೋರಿಸಿದಳು. "ಇಲ್ಲಿದು ಸುಮ್ನಿದೆ. ಅಲ್ಲಿದು ಸುಮ್ನಿರಲ್ಲ. ಬೆಳಕು ಹರಿದಾಡ್ತಾ ಇರುತ್ತೆ, ಹಾವಿನ ತರ. ಆದ್ರೆ ಹಾವಲ್ಲ. ಹೆದ್ರಿಕೆ ಆಗಲ್ಲ."

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ, ಕೋರ್ಟಿನ ನೋಟಿಸು ಮುಟ್ಟಿಸುತ್ತಿದ್ದ ನಿವೃತ್ತ ಅಮೀನ ಕಿವಿಗೊಟ್ಟು ಕೇಳುತ್ತಿದ್ದ. ಮೂರು ವಾರದಿಂದ ಇದೇ ಕನಸು. ಅದೂ ಅಪ್ಪನ ಪಾಲಿಗೆ ಬಂದ ಭಾನುವಾರಗಳಲ್ಲಿ ಮಾತ್ರ ಬೀಳುವ ಕನಸು.

ಹುಡುಗಿಗೆ ಏಳು ವರ್ಷ. ಹುಟ್ಟಿದಾಗ ಸಣ್ಣ ದನಿಯಲ್ಲಿ ಎಳೆದೆಳೆದು ಅತ್ತಿದ್ದಕ್ಕೆ ಪಿಟೀಲು ಎಂಬ ಹೆಸರು ಬಿತ್ತಂತೆ. ಈಗ ಅಳುವುದನ್ನು ಬಿಟ್ಟಿದ್ದಾಳೆ. ಅಪ್ಪ ಅಮ್ಮನ ವಿಚ್ಛೇದನದ ಕೇಸು ಶುರುವಾದಂದಿನಿಂದ ಅತ್ತೇ ಇಲ್ಲ. ಅದೇ ಅಮೀನನಿಗೆ ಸರಿಬರದ ಸಂಗತಿ. 

"ಅಲ್ಲಿ ಯಾರಿರ್ತಾರಮ್ಮ?"

"ಜಡೆಯಮ್ಮ ಇರ್ತಾರೆ. ನಂಗೆ ಜಡೆ ಹಾಕ್ತಾರೆ. ಒಂದು ಹಕ್ಕಿ ಕೂಗುತ್ತೆ, ಪ್ರೀಈಈ ಅಂತ. ಕೂಗಿದ ತಕ್ಷಣ ಧಬ್ ಅಂತ ಏನೋ ಬೀಳುತ್ತೆ."

"ಏನು ಬೀಳುತ್ತೆ?"

"ನೋಡಕ್ಕೆ ಬಿಡಲ್ಲ. ಏಳಕ್ಕೆ ಹೋದ್ರೆ, ಇದು ಕನಸು ಕಂದಾ, ಮಲಕ್ಕೋ ಅಂತಾರೆ. ಮಲಕ್ಕೋತೀನಿ. ಎದ್ದಾಗ ಅಪ್ಪನ ಮನೇಲಿರ್ತೀನಿ."

ಅಮೀನ ನೆಟ್ಟಗೆ ಕೂತ. ಅವನಿಗೆ ಅರವತ್ತಾರು ವರ್ಷ. ಅಷ್ಟು ವರ್ಷಗಳಲ್ಲಿ ಕನಸಿನಲ್ಲಿ ಅವನು ಸತ್ತವರನ್ನು ಕಂಡಿದ್ದ, ಹಾರಿದ್ದ, ಬರೀ ಚಡ್ಡಿಯಲ್ಲಿ ಕೋರ್ಟಿನ ಮುಂದೆ ನಿಂತಿದ್ದ. ಆದರೆ ಕನಸಿನೊಳಗಿನ ಒಂದು ನರಪ್ರಾಣಿಯೂ ಅವನಿಗೆ, 'ಇದು ಕನಸು ಕಣಪ್ಪ' ಎಂದು ತಿಳಿಸಿ ಹೇಳಿರಲಿಲ್ಲ. ಹಾಗೆ ಹೇಳುವವರು ಎಚ್ಚರವಾಗಿರುವ ಮನುಷ್ಯರು ಮಾತ್ರ.

ಪಿಟೀಲನ್ನು ಟೈಪಿಸ್ಟನ ಬಳಿ ಕಳಿಸಿ ವಕೀಲಮ್ಮ ಬಾಗಿಲು ಹಾಕಿದರು. ಕಿಟಕಿಯ ಪರದೆ ಗಾಳಿಗೆ ಉಬ್ಬಿತು, ತಗ್ಗಿತು. ಇಡೀ ಕೋಣೆಯೇ ನಿದ್ದೆಯಲ್ಲಿ ಉಸಿರಾಡುತ್ತಿರುವ ಹಾಗಿತ್ತು.

"ಸೋಮವಾರ ಜಡ್ಜಮ್ಮ ಮಗೂನ ಒಳಗೆ ಕರೀತಾರೆ ಅಮೀನ್ರೇ. ನಾನಿರಲ್ಲ, ಅಪ್ಪ ಇರಲ್ಲ, ಅಮ್ಮ ಇರಲ್ಲ. ಅವರಿಬ್ಬರೇ. ಏನಮ್ಮ ಪುಟ್ಟಿ, ಭಾನುವಾರ ಏನ್ ಮಾಡ್ತೀಯ ಅಂತ ಕೇಳ್ತಾರೆ. ಇವಳು ಅಲ್ಲಾಡೋ ಗೋಡೆ ಕಥೆ ಶುರು ಮಾಡ್ತಾಳೆ."

"ಹೇಳ್ಲಿ. ನಿಜ ತಾನೇ."

"ಅಪ್ಪ ಪ್ರಮಾಣ ಮಾಡಿ ಬರ್ಕೊಟ್ಟಿದ್ದಾನೆ. ಭಾನುವಾರ ಪೂರ್ತಿ ಮಗು ನನ್ನ ಮನೇಲೇ ಇತ್ತು, ಹೊಸ್ತಿಲು ದಾಟಿಲ್ಲ, ತಾಯಿ ಇಲ್ಲದ್ದನ್ನೆಲ್ಲ ಮಗು ತಲೆಗೆ ತುಂಬ್ತಿದ್ದಾಳೆ, ಇಂಥವಳ ಹತ್ರ ಬಿಟ್ರೆ ಮಗು ಮನಸ್ಸೇ ಕೆಟ್ಟುಹೋಗುತ್ತೆ ಅಂತ. ಅದನ್ನ ಜಡ್ಜಮ್ಮ ನಂಬಿದ್ರು ಅಂತಿಟ್ಕೊಳ್ಳಿ, ಮಗು ಅಪ್ಪನಿಗೆ. ಅಮ್ಮನಿಗೆ ತಿಂಗಳಿಗೆ ಎರಡು ಗಂಟೆ. ಕೋರ್ಟಿನ ಆಟದ ಕೋಣೇಲಿ, ಗೋಡೆ ಗಡಿಯಾರದ ಕೆಳಗೆ."

ಅಮೀನ ಆ ಕೋಣೆಯನ್ನು ಬಲ್ಲ. ಒಂದು ಕಾಲಿಲ್ಲದ ಮರದ ಕುದುರೆ, ಬಣ್ಣ ಹೋದ ಚೆಂಡು. ಅಲ್ಲಿ ಅಪ್ಪಂದಿರು ಅಮ್ಮಂದಿರು ಸ್ವಂತ ಮಕ್ಕಳ ಎದುರು ಕಂಡವರ ಮನೆಗೆ ಬಂದ ನೆಂಟರಂತೆ ಮೊಣಕಾಲು ಜೋಡಿಸಿ ಕೂರುತ್ತಿದ್ದರು.

ಬಾಗಿಲು ತಳ್ಳಿಕೊಂಡು ತಾಯಿ ಬಂದಳು. ಹಲ್ಲಿನ ಆಸ್ಪತ್ರೆಯಲ್ಲಿ ಹಲ್ಲುಗಳ ಅಚ್ಚು ತೆಗೆಯುವ ಕೆಲಸ ಅವಳದು. ಉಗುರು ಸಂದಿಯಲ್ಲಿ ಬಿಳಿ ಗಾರೆ ಒಣಗಿ ನಿಂತಿತ್ತು. ಕೂರಲಿಲ್ಲ.

"ನಾನೊಂದು ಯೋಚನೆ ಮಾಡಿದ್ದೀನಿ. ಸೋಮವಾರ ಆ ಕನಸಿನ ವಿಷಯ ಎತ್ಬೇಡ ಅಂತ ಅವಳಿಗೆ ಹೇಳ್ಬಿಡ್ತೀನಿ. ಮುಗೀತಲ್ಲ?"

"ಅಮ್ಮಾ ತಾಯೀ," ವಕೀಲಮ್ಮ ಹಣೆ ಹಣೆ ಚಚ್ಚಿಕೊಂಡರು. "ಅದೂ ಹೇಳ್ಕೊಟ್ಟ ಹಾಗೇ. ಅಮ್ಮ ಹೇಳ್ಬೇಡ ಅಂದಿದ್ದಾಳೆ ಅಂತ ಮಗು ಬಾಯ್ಬಿಟ್ರೆ ನಾನು ಕೋಟು ಬಿಚ್ಚಿಟ್ಟು ಮನೆಗೆ ಹೋಗ್ಬೇಕಾಗುತ್ತೆ."

"ಹಾಗಾದ್ರೆ ಏನ್ ಮಾಡ್ಲಿ? ನನ್ನ ಮಗು ಸುಳ್ಳಿ ಅನ್ನಿಸ್ಕೋಬೇಕಾ? ಸುಳ್ಳಿ ಅಲ್ಲ ಅಂದ್ರೆ ನಾನು ಸುಳ್ಳಿ. ಇದೆಂಥ ನ್ಯಾಯ?"

 ಆಚೆ ಕೋಣೆಯಲ್ಲಿ ಪಿಟೀಲು ಒಂದೇ ಅಕ್ಷರವನ್ನು ಟಕ್ ಟಕ್ ಟಕ್ ಎಂದು ಒತ್ತುತ್ತಿದ್ದಳು.

ತಾಯಿ ಫೋನು ತೆಗೆದು ಅಮೀನನ ಮುಂದೆ ಹಿಡಿದಳು. "ನೋಡಿ. ಮೂರು ಭಾನುವಾರದ್ದು. ಬಂದ ತಕ್ಷಣ ಬೆನ್ನ ಹಿಂದಿನಿಂದ ತೆಗೆದಿದ್ದೀನಿ."

ಅಮೀನ ನೋಡಿದ. ಜಡೆ. ಮತ್ತೊಂದು ಜಡೆ. ಮಗದೊಂದು ಜಡೆ. ಹೆಂಡತಿಯಿಲ್ಲದೆ, ಮಗಳಿಲ್ಲದೆ, ಕೊನೆಗೆ ತಲೆಯಲ್ಲಿ ಕೂದಲೂ ಇಲ್ಲದೆ ಬದುಕಿದವನಿಗೆ ಜಡೆಯಲ್ಲಿ ಏನು ಕಂಡೀತು?

"ಚೆನ್ನಾಗಿದೆ," ಎಂದ.

"ಚೆನ್ನಾಗಿದೆ ಅಂತೆ! ಎಳೆ ಎಣಿಸಿ ಅಮೀನ್ರೇ. ಐದೆಳೆ. ಐದೆಳೆ ಜಡೆ ಹಾಕ್ಬೇಕಾದ್ರೆ ವರ್ಷಗಟ್ಟಲೆ ಕೈ ಪಳಗಿರ್ಬೇಕು. ನನಗೇ ಬರಲ್ಲ. ನಮ್ಮನೆಯವರಿಗೆ ಶೂ ಲೇಸು ಕಟ್ಟಕ್ಕೂ ನಾನೇ ಬೇಕಿತ್ತು. ಅವರ ಮನೇಲಿ ಹೆಂಗಸರಿಲ್ಲ. ಅತ್ತೆ ನಾನು ಮದುವೆಯಾಗೋ ಮುಂಚೇನೇ ತೀರ್ಕೊಂಡಿದ್ರಂತೆ." ಫೋನು ಚೀಲಕ್ಕೆ ಹಾಕಿದಳು. "ಇನ್ನೊಂದು. ಕೂದಲು ಒಣಗೇ ಇರುತ್ತೆ. ಆದ್ರೆ ಈಜುಕೊಳದ ಔಷಧಿ ವಾಸನೆ. ನಾನು ದಿನಾ ಔಷಧಿ ವಾಸನೇಲೇ ಸಾಯೋಳು, ನನ್ನ ಮೂಗು ತಪ್ಪಲ್ಲ."

ಆ ಮಾತು ಕಿವಿಗೆ ಬಿದ್ದದ್ದೇ ತಡ, ಅಮೀನನ ತಲೆಯೊಳಗೆ ಎಲ್ಲವೂ ಒಂದರ ಪಕ್ಕ ಒಂದು ಬಂದು ಕೂತವು. ಹರಿದಾಡುವ ಬೆಳಕು. ಪ್ರೀಈಈ ಎನ್ನುವ ಹಕ್ಕಿ. ಧಬ್ ಎಂದು ಬೀಳುವುದು.

ಅದು ಹಕ್ಕಿಯಲ್ಲ, ಸೀಟಿ. ಬೀಳುವುದು ಈಜುವವರು. ಬಿಸಿಲು ನೀರಿಗೆ ಬಿದ್ದು, ನೀರಿನಿಂದ ಎದ್ದು, ಪಕ್ಕದ ಕೋಣೆಯ ಚಾವಣಿಗೆ ಹತ್ತುತ್ತದೆ.

"ಆ ಕೋಣೆ ಹುಡುಕ್ತೀರಾ?" ತಾಯಿ ಕೇಳಿದಳು. "ಸೋಮವಾರದೊಳಗೆ?"

"ಮೂವತ್ತು ವರ್ಷ ಕೋರ್ಟಿನ ನೋಟಿಸು ಹೊತ್ತವನಮ್ಮ ನಾನು. ಬಾಗಿಲು ಮುಟ್ಟದೆ ಒಂದು ನೋಟಿಸೂ ವಾಪಸು ತಂದವನಲ್ಲ."

ಇದು ಅವನ ಖಾಯಂ ಮಾತು. ನಿವೃತ್ತನಾಗಿ ವಕೀಲರಿಗೆ ಪತ್ತೆ ಕೆಲಸ ಮಾಡಿಕೊಡಲು ಶುರುಮಾಡಿದ ಮೇಲೂ ಬಿಡದೆ ಹೇಳುತ್ತಿದ್ದ. ಹೇಳುವಾಗೆಲ್ಲ ಕಿವಿಯ ತುದಿ ಜಗ್ಗಿಕೊಳ್ಳುತ್ತಿದ್ದ. ಯಾಕೆಂದು ಅವನಿಗೂ ನೆನಪಿರಲಿಲ್ಲ.

*

ಊರಿನಲ್ಲಿ ಮೂರು ಈಜುಕೊಳಗಳಿದ್ದವು. ಒಂದಕ್ಕೆ ತಗಡಿನ ಸೂರು, ಬಿಸಿಲೇ ಬೀಳದು. ಇನ್ನೊಂದರ ನೀರು ಖಾಲಿಮಾಡಿ ಬಣ್ಣ ಬಳಿಯುತ್ತಿದ್ದರು. ಮೂರನೆಯದಕ್ಕೆ ಭಾನುವಾರ ಮಧ್ಯಾಹ್ನ ಎರಡಕ್ಕೆ ಮುಂಚೆಯೇ ಅಮೀನ ಬಂದು, ಸುತ್ತಲಿನ ಕಟ್ಟೆಯ ಮೇಲೆ ಚಪ್ಪಲಿ ಕಳಚಿ ಕೂತ.

ಬಿಸಿಲು ದಪ್ಪಗೆ ಸುರಿದಿತ್ತು. ಕೊಳದ ತಳದ ಹಸಿರು ಹೆಂಚುಗಳು ನೀರಿನಲ್ಲಿ ಕರಗುತ್ತಾ ಮತ್ತೆ ಕೂಡುತ್ತಾ ಇದ್ದವು. ಐದಾರು ಮಕ್ಕಳು, ಒಬ್ಬ ಬೋಳುತಲೆಯ ಗೃಹಸ್ಥ, ಎಲ್ಲರೂ ನಿಧಾನವಾಗಿ ಕೈಯಾಡಿಸುತ್ತಿದ್ದರು. ಎದುರಿಗೆ ಮೂರು ಮಹಡಿಯ ಹಳೇ ಕಟ್ಟಡ. ಮೇಲಿನ ಮಹಡಿಯ ಮೊಗಸಾಲೆಯ ತುಂಬಾ ಬಿಳಿ ಟವೆಲುಗಳು ಒಣಗುತ್ತಿದ್ದವು. ಗಾಳಿ ಬಂದಾಗ ಎಲ್ಲವೂ ಒಟ್ಟಿಗೆ ಎದ್ದು ಒಟ್ಟಿಗೆ ಕೂರುತ್ತಿದ್ದವು.

ಈಜು ಕಲಿಸುವವನು ಬಂದ. ಮುಂದೆ ಹೊಟ್ಟೆ, ಹೊಟ್ಟೆಯ ಮೇಲೆ ಸೀಟಿ.

"ಈಜು ಬರುತ್ತಾ ಯಜಮಾನ್ರೇ?"

"ಬರುತ್ತಪ್ಪ. ಬಕೆಟ್ಟಿನಲ್ಲಿ."

"ಹಾಗಾದ್ರೆ ಅಂಚಿಗೆ ಬರ್ಬೇಡಿ. ಎತ್ತೋಕೆ ನನ್ನ ಸೊಂಟ ಸರಿಯಿಲ್ಲ."

"ಮೇಷ್ಟ್ರೇ, ಅಷ್ಟೊಂದು ಟವೆಲು ಒಗೆಯೋರು ಯಾರು?"

"ಟವೆಲಮ್ಮ. ಮೇಲೇ ಇರ್ತಾರೆ. ಎಂಟು ವರ್ಷದಿಂದ ಒಂದು ಟವೆಲು ಕಳೆದಿಲ್ಲ, ಒಂದು ಮಾತು ಜಾಸ್ತಿ ಆಡಿಲ್ಲ. ಈಗೀಗ ಭಾನುವಾರ ಮಾತ್ರ ಹಾಡು ಗುನುಗ್ತಾರೆ. ಯಾರೋ ನೆಂಟರ ಮಗು ಬರುತ್ತೆ. ಪಾಪ, ಬಂದಾಗೆಲ್ಲ ನಿದ್ದೆ."

ಅಮೀನ ಮೇಲಿನ ಮಹಡಿಯತ್ತ ನೋಡಿದ. ಮೇಷ್ಟ್ರು ಸೀಟಿ ಊದಿದ. ಪ್ರೀಈಈ. ಒಬ್ಬ ಹುಡುಗ ಹಲಗೆಯಿಂದ ಹಾರಿದ. ಧಬ್.

ಎರಡೂಕಾಲಿಗೆ ಕಾರೊಂದು ಹಿಂದಿನ ಗೇಟಿನಲ್ಲಿ ನಿಂತಿತು. ಕನ್ನಡಕದ ಅಂಗಡಿಯವನು ಇಳಿದ. ಪಿಟೀಲಿನ ಅಪ್ಪ. ಮಗಳು ಅವನ ಹೆಗಲ ಮೇಲೆ, ಕೈಕಾಲು ಸಡಿಲ ಬಿಟ್ಟು ಮಲಗಿದ್ದಳು. ಅವನು ಪಾದರಕ್ಷೆಯ ಸದ್ದು ಕೇಳದಂತೆ ತುದಿಗಾಲಲ್ಲಿ ಮೆಟ್ಟಿಲೇರಿದ. ಐದು ನಿಮಿಷಕ್ಕೆ ಬರಿಗೈಯಲ್ಲಿ ಇಳಿದುಬಂದು ಕಾರು ಹತ್ತಿ ಹೋದ.

ಇಷ್ಟೇ ಸಾಕಿತ್ತು. ಮಗು ತಂದೆಯ ಮನೆಯಲ್ಲೇ ಇರಬೇಕು, ಬೇರೆ ಯಾರ ವಶಕ್ಕೂ ಕೊಡಕೂಡದು ಎಂದು ಕೋರ್ಟಿನ ಆದೇಶದಲ್ಲಿ ಸ್ಪಷ್ಟವಾಗಿತ್ತು. ಅಮೀನ ಈಗಲೇ ವಕೀಲಮ್ಮನಿಗೆ ಫೋನು ಮಾಡಬಹುದಿತ್ತು. ಸೋಮವಾರ ಸಾಕ್ಷಿ ಹೇಳಿದರೆ ತಾಯಿಗೆ ಮಗಳು ಉಳಿಯುತ್ತಿದ್ದಳು.

ಆದರೆ ಬಾಗಿಲು ಮುಟ್ಟದೆ ಹಿಂದಿರುಗುವುದು ಹೇಗೆ?

ಮೆಟ್ಟಿಲುಗಳು ಒದ್ದೆಯಾಗಿದ್ದವು. ಬರಿಗಾಲಿನ ಗುರುತುಗಳು ಅರ್ಧದವರೆಗೆ ಹತ್ತಿ ಆರಿಹೋಗಿದ್ದವು. ಮೊದಲನೇ ಮಹಡಿಗೆ ಬರುವಷ್ಟರಲ್ಲಿ ಕೆಳಗಿನ ಮಕ್ಕಳ ಗಲಾಟೆ ಹತ್ತಿಯಲ್ಲಿ ಸುತ್ತಿಟ್ಟಂತೆ ದೂರವಾಯಿತು. ಎರಡನೆಯದರಲ್ಲಿ ನಿಂತು ಮಂಡಿ ಉಜ್ಜಿಕೊಂಡ. ಮೂರನೆಯದರಲ್ಲಿ ಟವೆಲುಗಳ ನಡುವೆ ದಾರಿ ಮಾಡಿಕೊಂಡು ನಡೆದ. ಎಡಬಲ ಬಿಳಿ, ಮುಂದೆ ಬಿಳಿ, ಕೆನ್ನೆಗೆ ತಣ್ಣನೆಯ ಅಂಚು. ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಎಂಬುದೇ ಒಂದು ಗಳಿಗೆ ಮರೆತುಹೋಯಿತು.

ಕೊನೆಯ ಟವೆಲು ಸರಿಸಿದಾಗ ತೆರೆದ ಬಾಗಿಲು ಕಂಡಿತು.

ಒಳಗೆ ಚಾವಣಿ ಅಲ್ಲಾಡುತ್ತಿತ್ತು.

ಹೌದು, ಮಗು ಹೇಳಿದ ಹಾಗೆಯೇ. ಸುಣ್ಣದ ಬಿಳುಪಿನ ಮೇಲೆ ಹಸಿರು ಬೆಳಕಿನ ಬಲೆ ಹೆಣೆದುಕೊಳ್ಳುತ್ತಿತ್ತು, ಬಿಚ್ಚಿಕೊಳ್ಳುತ್ತಿತ್ತು. ಅದರ ಕೆಳಗೆ ಮಂಚ. ಮಂಚದ ಮೇಲೆ ಪಿಟೀಲು. ತಲೆ ಒಬ್ಬ ಹೆಂಗಸಿನ ತೊಡೆಯ ಮೇಲಿತ್ತು. ಐವತ್ತೇಳು ಐವತ್ತೆಂಟರ ಹೆಂಗಸು. ಔಷಧಿ ನೀರಿಗೆ ಬಿಳಿಚಿದ ಬೆರಳುಗಳು ಐದೆಳೆಯನ್ನು ಒಂದರ ಕೆಳಗೊಂದು ದಾಟಿಸುತ್ತಿದ್ದವು.

ಅವಳು ತಲೆಯೆತ್ತಿದಳು. ಬೆಚ್ಚಲಿಲ್ಲ. ಅವನನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ, "ಈ ಸಲ ಹತ್ತಿದ್ರಲ್ಲ," ಎಂದಳು.

"ಏನಮ್ಮ?"

"ಮೆಟ್ಟಿಲು. ಮೆಲ್ಲಗೆ ಮಾತಾಡಿ, ಮಗು ಏಳುತ್ತೆ. ಕೂತ್ಕೊಳ್ಳಿ ಅಮೀನ್ರೇ."

ಅಮೀನ ಕೂರಲಿಲ್ಲ. "ನಾನು ಯಾರು ಅಂತ ನಿಮಗೆ ಹೇಗೆ ಗೊತ್ತು?"

"ನೀವು ಯಾರು ಅಂತ ಗೊತ್ತಿರೋರು ನನ್ನಷ್ಟು ಇನ್ಯಾರಿದ್ದಾರೆ?"

"ಈ ಮಗು ನಿಮಗೇನಾಗ್ಬೇಕು?"

"ಮೊಮ್ಮಗಳು."

"ಅವರಜ್ಜಿ ತೀರ್ಕೊಂಡಿದ್ದಾರೆ. ಇವಳಪ್ಪ ಕೋರ್ಟಿಗೇ ಬರ್ಕೊಟ್ಟಿದ್ದಾನೆ."

"ಬರ್ಕೊಟ್ಟಾಗ ಅವನ ಮಟ್ಟಿಗೆ ಅದು ನಿಜಾನೇ. ಅವನಪ್ಪ ಹಾಗೇ ಹೇಳಿ ಬೆಳೆಸಿದ್ದ." ಬೆರಳುಗಳು ನಿಲ್ಲಲಿಲ್ಲ. "ನಾಲ್ಕು ತಿಂಗಳಾಯ್ತು. ದಾರ ಪೋಣಿಸಕ್ಕೆ ಕಣ್ಣು ಕಾಣ್ತಿರ್ಲಿಲ್ಲ, ಕನ್ನಡಕ ಮಾಡಿಸೋಣ ಅಂತ ಒಂದು ಅಂಗಡಿಗೆ ಹೋದೆ. ಅಂಗಡಿಯವನು ದೀಪ ಹಿಡ್ಕೊಂಡು ನನ್ನ ಕಣ್ಣೊಳಗೆ ನೋಡಕ್ಕೆ ಇಷ್ಟು ಹತ್ತಿರ ಬಂದ. ಎಡ ಹುಬ್ಬಿನ ಮೇಲೆ ಕಲೆ. ನಾಲ್ಕು ವರ್ಷದವನಿದ್ದಾಗ ಕಿಟಕಿ ಬಾಗಿಲು ತಾಗಿದ್ದು. ಹೊಲಿಗೆ ಹಾಕಿಸುವಾಗ ಎತ್ತಿಕೊಂಡಿದ್ದೋಳು ನಾನು. ನೇರ ನೋಡಿ ಅಮ್ಮ, ಕಣ್ಣಲ್ಲಿ ನೀರು ತುಂಬಿದ್ರೆ ನಂಬರು ಸಿಗಲ್ಲ ಅಂದ."

ಕೆಳಗೆ ಸೀಟಿ ಕೂಗಿತು. ಪಿಟೀಲು ನಿದ್ದೆಯಲ್ಲಿ ತುಟಿ ಚಪ್ಪರಿಸಿದಳು.

"ಸರಿಯಮ್ಮ," ಅಮೀನ ದನಿ ತಗ್ಗಿಸಿದ. "ಸಿಕ್ಕಿದ ಮೇಲೆ ಕೋರ್ಟಿಗೆ ಹೇಳ್ಬಹುದಿತ್ತು. ಅಜ್ಜಿಗೂ ಮಗೂನ ನೋಡೋಕೆ ಅವಕಾಶ ಕೊಡ್ತಾರೆ. ಸೊಸೆಗಾದ್ರೂ ಹೇಳ್ಬಹುದಿತ್ತು."

"ಸತ್ತೋಳು ಹೋಗಿ ಬಾಗಿಲು ತಟ್ಟಿ ಏನಂತ ಹೇಳ್ಕೊಳ್ಲಿ? ಮಗ ಪ್ರಮಾಣ ಮಾಡಿ ಬರೆದಾಗಿದೆ. ಈಗ ಬದುಕಿದ್ದೀನಿ ಅಂದ್ರೆ ಅವನು ಸುಳ್ಳ. ಅದೂ ಅಲ್ದೆ, ಕೋರ್ಟು ಅಂದ್ರೇನು ಅಂತ ನಂಗೆ ಗೊತ್ತು."

"ಅದಕ್ಕೆ ಮಗೂಗೆ ಕನಸು ಅಂತ ಸುಳ್ಳು ಹೇಳ್ಕೊಟ್ರಾ? ಆ ಕನಸಿನಿಂದ ಅವಳ ತಾಯಿ ನಾಳೆ ಮಗಳನ್ನ ಕಳ್ಕೋತಾಳೆ, ಗೊತ್ತಾ ನಿಮಗೆ?"

ಮೊದಲ ಬಾರಿಗೆ ಬೆರಳುಗಳು ನಿಂತವು. ಚಾವಣಿಯ ಬೆಳಕು ಅವಳ ಮುಖದ ಮೇಲೂ ಹರಿದಾಡುತ್ತಿತ್ತು. ಅಳುತ್ತಿದ್ದಾಳೋ ಇಲ್ಲವೋ ಹೇಳುವಂತಿರಲಿಲ್ಲ.

"ಗೊತ್ತು. ಮಗೂನ ತಾಯಿಯಿಂದ ಕಿತ್ಕೋಬೇಡ ಅಂತ ಮಗನಿಗೆ ಅಂದೆ. ಕೇಳಲಿಲ್ಲ. ಅಮ್ಮ ಅಂದ್ರೆ ಬಿಟ್ಟು ಹೋಗೋರು ಅಂತ ಅವನ ತಲೇಲಿ ಕೂತ್ಬಿಟ್ಟಿದೆ. ಕೂರಿಸಿದ್ದು ಯಾರು ಹೇಳ್ಲಾ?"

ಮಗುವಿನ ತಲೆಯನ್ನು ಮೆಲ್ಲನೆ ದಿಂಬಿಗೆ ಜಾರಿಸಿ ಎದ್ದಳು. ಕಪಾಟಿನಿಂದ ಮಡಚಿದ ಟವೆಲೊಂದನ್ನು ತೆಗೆದಳು. ಅದರೊಳಗೆ ಇನ್ನೊಂದು. ಅದರೊಳಗೆ ಒಂದು ಕಾಗದ. ಮಡಿಕೆಗಳು ಸವೆದು ನಾಲ್ಕು ತುಂಡಾಗಲು ಕಾದಿತ್ತು.

ಕೋರ್ಟಿನ ನಕಲು. ಅಮೀನ ಆ ಸೀಲನ್ನು ನಿದ್ದೆಗಣ್ಣಲ್ಲೂ ಗುರುತಿಸಬಲ್ಲ. ಆದರೆ ಅವನು ಓದಿದ್ದು ಸೀಲನ್ನಲ್ಲ, ಕೆಳಗಿನ ಷರಾವನ್ನು. ನೋಟಿಸು ಒಯ್ದವನು ಹಿಂದಿರುಗಿ ಬಂದು ಬರೆಯುವ ಒಂದೂವರೆ ಸಾಲು.

'ಖುದ್ದಾಗಿ ಹೋಗಿ ಬಾಗಿಲು ತಟ್ಟಲಾಗಿ, ಸದರಿ ಹೆಂಗಸು ಹೊರಬಂದು ನೋಟಿಸು ಪಡೆಯಲು ನಿರಾಕರಿಸಿದ್ದಾಳೆ.'

ಅದರಡಿಯಲ್ಲಿ ಸಹಿ. ಕೊನೆಯ ಅಕ್ಷರಕ್ಕೆ ಗಾಳದಂತೆ ಬಾಗಿದ ಬಾಲ. ಇಡೀ ಕೋರ್ಟಿನಲ್ಲಿ ಅಂಥ ಬಾಲ ಒಬ್ಬನದೇ.

"ಇಪ್ಪತ್ತೊಂಬತ್ತು ವರ್ಷ," ಎಂದಳು ಟವೆಲಮ್ಮ. "ಅವತ್ತು ಬಾಗಿಲು ತಟ್ಟೋ ಅವಶ್ಯಕತೆನೇ ಇರ್ಲಿಲ್ಲ ಅಮೀನ್ರೇ. ತೆರೆದೇ ಇತ್ತು. ಮಗ ಅವರಪ್ಪನ ಮನೇಗೆ ಹೋಗಿದ್ದ, ರಜಕ್ಕೆ. ಬರ್ತಾನಲ್ಲ ಅಂತ ನಾನು ಬಾಗಿಲಲ್ಲೇ ಕೂತು ಅವನ ಅಂಗಿಗೆ ಗುಂಡಿ ಹೊಲೀತಿದ್ದೆ. ಬೆಳಗಿಂದ ಸಂಜೆವರ್ಗೂ. ಬೆಕ್ಕು ಬಂತು. ಹಾಲಿನವನು ಬಂದ. ನೀವು ಬರ್ಲಿಲ್ಲ."

ಅಮೀನನ ಕೈ ತಾನಾಗಿಯೇ ಕಿವಿಯ ತುದಿಗೆ ಹೋಯಿತು. ಹೋದದ್ದೇ ನೆನಪಾಯಿತು.

ಇಂಥದೇ ಮಧ್ಯಾಹ್ನ. ನಾಲ್ಕು ಮಹಡಿ. ಲಿಫ್ಟಿಲ್ಲ. ಕೆಳಗೆ ಮೊದಲ ಮೆಟ್ಟಿಲ ಮೇಲೆ ನೆರಳು. ನೆರಳಲ್ಲಿ ಒಬ್ಬ ನಿಂತಿದ್ದ, ನೋಟಿಸಿನ ಹೆಂಗಸಿನ ಗಂಡನ ತಮ್ಮನಂತೆ. 'ಅವಳು ತಗೊಳಲ್ಲ ಸಾರ್. ನಾನೇ ಕೇಳ್ಕೊಂಡು ಬಂದೆ, ಹರಿದು ಬಿಸಾಕ್ತೀನಿ ಅಂದ್ಲು. ಸುಮ್ನೆ ಯಾಕೆ ಹತ್ತಿ ಸುಸ್ತಾಗ್ತೀರಾ?' ಎಂದಿದ್ದ. ಅವನು ಲಂಚ ಕೊಡಲಿಲ್ಲ. ಇವನು ಕೇಳಲಿಲ್ಲ. ಬರೀ ಬಿಸಿಲಿತ್ತು. ನೆರಳು ತಣ್ಣಗಿತ್ತು. ಮೆಟ್ಟಿಲ ಮೇಲೇ ಕೂತು ತೊಡೆಯ ಮೇಲೆ ಕಾಗದವಿಟ್ಟು ಷರಾ ಬರೆದಿದ್ದ. ಬರೆಯುವಾಗ ಕಿವಿಯ ಮೇಲೊಂದು ನೊಣ ಕೂತಿತ್ತು. ಅದನ್ನು ಓಡಿಸಲು ಕಿವಿ ಜಗ್ಗಿಕೊಂಡಿದ್ದ.

ನೋಡಿ, ಮನುಷ್ಯ ಮರೆಯುತ್ತಾನೆ. ಕೈ ಮರೆಯುವುದಿಲ್ಲ.

"ಕರೆದ್ರೂ ಬರ್ಲಿಲ್ಲ, ಮಗು ಬೇಡ ಅಂತಾನೇ ಅರ್ಥ ಅಂತ ನಾನಿಲ್ದೇನೇ ತೀರ್ಪು ಕೊಟ್ಬಿಟ್ರು. ನಂಗೆ ಗೊತ್ತಾಗಿ ಕೋರ್ಟಿಗೆ ಹೋಗೋಷ್ಟರಲ್ಲಿ ಗಡುವು ದಾಟಿತ್ತು. ಅವರು ಮನೆ ಖಾಲಿ ಮಾಡ್ಕೊಂಡು ಹೋಗಿದ್ರು. ಅವತ್ತು ಕೋರ್ಟಿನ ವರಾಂಡದಲ್ಲಿ ನಿಮ್ಮನ್ನ ತೋರ್ಸಿದ್ರು, ಅಗೋ ಅವನೇ ಅಂತ. ನೀವು ಯಾರ ಜೊತೆಗೋ ನಗ್ತಾ ಇದ್ರಿ. ಒಳ್ಳೇ ಮುಖ ಅನ್ನಿಸ್ತು. ಅದಕ್ಕೇ ಮರೀಲಿಲ್ಲ."

ಅಮೀನ ಕಾಗದವನ್ನು ಹಳೇ ಮಡಿಕೆಗಳಲ್ಲೇ ಮೆಲ್ಲನೆ ಮಡಚಿದ.   

"ತಪ್ಪಾಯ್ತು," ಎಂದ. ಅವನಿಗೇ ಕೇಳಿಸದಷ್ಟು ಸಣ್ಣದಾಗಿ.

"ತಪ್ಪಾಯ್ತು ಅನ್ನಿಸ್ಕೊಳ್ಳಕ್ಕೆ ಈ ಕಾಗದ ಇಟ್ಕೊಂಡಿದ್ದಲ್ಲ." ಅವಳು ಹತ್ತಿರ ಬಂದಳು. "ನಿಮ್ಮಿಂದ ಒಂದು ಕೆಲಸ ಆಗ್ಬೇಕು. ಬಾಗಿಲವರ್ಗೂ ಹೋಗಿದ್ದೆ, ಬೀಗ ಹಾಕಿತ್ತು, ಒಳಗೆ ಯಾರೂ ಇರ್ಲಿಲ್ಲ ಅಂತ ನಾಳೆ ಹೇಳಿ. ಅಷ್ಟೇ. ಒಂದೂವರೆ ಸಾಲು. ನಿಮಗೆ ಅಭ್ಯಾಸ ಇದೆಯಲ್ಲ?"

"ಹಾಗಂದ್ರೆ ಆ ತಾಯಿಗೆ ಮಗು ಹೋಗುತ್ತಮ್ಮ."

"ಹಾಗನ್ನದಿದ್ರೆ ನನಗೆ ಹೋಗುತ್ತೆ. ನನ್ನ ಮಗ ಸುಳ್ಳು ಪ್ರಮಾಣ ಮಾಡ್ದೋನು ಅಂತಾಗುತ್ತೆ, ಇವಳನ್ನ ನನ್ನ ನೆರಳಿಗೂ ಬಿಡಲ್ಲ. ಎರಡನೇ ಸಲ ಅಮೀನ್ರೇ. ಎರಡು ಸಲಾನೂ ನಿಮ್ಮ ಕೈಯಿಂದ್ಲೇ. ನಿಮ್ಮ ಕೈಗೆ ಬೇರೆ ಯಾರೂ ಸಿಗಲ್ವಾ?"

ಗಾಳಿ ಬಂತು. ಹೊರಗಿನ ಟವೆಲುಗಳೆಲ್ಲ ಒಟ್ಟಿಗೆ ಎದ್ದವು. ಕೊಳ ಮಿನುಗಿ ಚಾವಣಿಯ ಬಲೆ ಜೋರಾಗಿ ಅಲ್ಲಾಡಿತು. ಅಮೀನನಿಗೆ ತಾನೇ ನೀರಿನ ತಳದಲ್ಲಿ ನಿಂತಿರುವಂತೆ, ಮೇಲೆಲ್ಲೋ ಬೇರೆಯವರ ಭಾನುವಾರ ಈಜಿಕೊಂಡು ಹೋಗುತ್ತಿರುವಂತೆ ಅನ್ನಿಸಿತು.

ಅವನ ಕಣ್ಣ ಮುಂದೆ ಆ ತಾಯಿಯ ಗಾರೆ ಮೆತ್ತಿದ ಉಗುರುಗಳಿದ್ದವು. ಪಕ್ಕದಲ್ಲಿ ಬಿಳಿಚಿದ ಬೆರಳುಗಳಿದ್ದವು. ಬೀಗ ಹಾಕಿತ್ತು. ಎರಡೇ ಎರಡು ಮಾತು ಸೇರಿಸಿದರೆ ಹಳೇ ಸಾಲ ತೀರುತ್ತದೆ, ಹೊಸದೊಂದು ಹುಟ್ಟುತ್ತದೆ. ನಾಲಗೆಯ ಮೇಲೆ ಆ ಮಾತು ಬಂದು ಕೂತಿತು. ಎಷ್ಟು ಸಲೀಸಾಗಿ ಬಂತು ಎಂಬುದಕ್ಕೇ ಅವನಿಗೆ ಭಯವಾಯಿತು.

"ಸರಿ—" ಎಂದು ಬಾಯಿ ತೆರೆದ.

"ಅಮೀನ್ ತಾತ?"

ಇಬ್ಬರೂ ತಿರುಗಿದರು.

ಪಿಟೀಲು ಎದ್ದು ಕೂತಿದ್ದಳು. ಅರ್ಧ ಹೆಣೆದ ಜಡೆ ಹೆಗಲ ಮೇಲೆ ಬಿಚ್ಚಿಕೊಳ್ಳುತ್ತಿತ್ತು. ಕಣ್ಣುಜ್ಜಿಕೊಂಡು ಅವನನ್ನು ನೋಡಿದಳು, ಅಲ್ಲಾಡುವ ಚಾವಣಿಯನ್ನು ನೋಡಿದಳು, ಮತ್ತೆ ಅವನನ್ನು ನೋಡಿ ನಕ್ಕಳು.

"ನೀವೂ ನನ್ನ ಕನಸಿಗೆ ಬಂದ್ರಾ?"

ಟವೆಲಮ್ಮ ಅವನತ್ತ ನೋಡಿದಳು. ತುಟಿ ಅಲುಗಿತು, ದನಿ ಹೊರಡಲಿಲ್ಲ. ಹೂಂ ಅನ್ನಿ, ಎನ್ನುತ್ತಿತ್ತು ಆ ತುಟಿ. ಹೂಂ ಅಂದ್ಬಿಡಿ.

"ನಾಳೆ ಜಡ್ಜಮ್ಮನ ಹತ್ರ ಹೇಳ್ತೀನಿ. ನಮ್ಮ ಅಮೀನ್ ತಾತಾನೂ ಅಲ್ಲಿದ್ರು, ಬೇಕಾದ್ರೆ ಅವರನ್ನೇ ಕೇಳಿ ಅಂತ." ಹುಡುಗಿ ಮಂಚದಿಂದ ಕಾಲು ಇಳಿಬಿಟ್ಟಳು. ನೆಲ ತಣ್ಣಗೆ ತಾಗಿರಬೇಕು, ತಟ್ಟನೆ ಕಾಲೆತ್ತಿ ನೆಲವನ್ನೇ ನೋಡಿದಳು. ನಗು ನಿಧಾನವಾಗಿ ಆರಿತು. ಇಷ್ಟು ದಿನ ಅಳದ ಕಣ್ಣಿನಲ್ಲಿ ಏನೋ ತುಂಬತೊಡಗಿತು.

"ತಾತ," ಎಂದಳು, "ಇದು ಕನಸಾ?"

ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಯಾರೋ ತುದಿಗಾಲಲ್ಲಿ ಮೆಟ್ಟಿಲು ಹತ್ತುತ್ತಿದ್ದರು.